ದಿಂಬಂ ಘಾಟಿಯ ಮಂಜಿನಲ್ಲಿ ಸಿಲಿಕಾನ್ ವೈಪರ್: ಎರಡು ಚಳಿಗಾಲ ಬಳಸಿದ ಮೇಲೆ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಆಗಾಗ ಇಳಿದು ಹತ್ತುವವರು ಸಿಲಿಕಾನ್ ವೈಪರಿಗೆ ಧೈರ್ಯವಾಗಿ ದುಡ್ಡು ಹಾಕಬಹುದು. ಊರೊಳಗೆ, ಹೆಚ್ಚೆಂದರೆ ಚಾಮರಾಜನಗರದವರೆಗೆ ಓಡಾಡುವವರಿಗೆ ಮಾಮೂಲಿ ರಬ್ಬರ್ ಬ್ಲೇಡೇ ಸಾಕು. ಅದರಲ್ಲೂ ಬರೀ ರಬ್ಬರ್ ಪಟ್ಟಿ ಬದಲಾಯಿಸುವ ರೀಫಿಲ್ ಸಿಕ್ಕರೆ ಇನ್ನೂ ಅಗ್ಗ. ನನ್ನದು ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. ಹಾಕಿಸಿದ್ದು ಚೌಕಟ್ಟಿಲ್ಲದ ಸಿಲಿಕಾನ್ ಜೋಡಿ, ಬೆಲೆ ರಬ್ಬರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ನಮ್ಮ ದಾರಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದರೂ ಇರುವುದು ಬೆಟ್ಟದ ಮೇಲೆ, ರಾಜ್‌ಕುಮಾರ್ ಅವರ ಊರಾದ ಗಾಜನೂರಿನ ಪಕ್ಕದಲ್ಲಿ. ಆಸ್ಪತ್ರೆಗಾಗಲಿ ಮಾರುಕಟ್ಟೆಗಾಗಲಿ ಕೆಳಗೆ ಹೋಗಬೇಕೆಂದರೆ ಹಾಸನೂರಿನ ಕಾಡು ದಾಟಿ, ದಿಂಬಂನ 27 ಹೇರ್‌ಪಿನ್ ತಿರುವು ಇಳಿದು ಬಣ್ಣಾರಿ ಸೇರಬೇಕು. 2022ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಬೆಳಿಗ್ಗೆ ಚೆಕ್‌ಪೋಸ್ಟ್ ಬಿಟ್ಟ ಕೂಡಲೇ ತರಕಾರಿ ಪಿಕಪ್, ಬಸ್ಸು, ಕಾರು ಎಲ್ಲ ಒಟ್ಟಿಗೇ ಹೊರಡುತ್ತವೆ. ಡಿಸೆಂಬರ್, ಜನವರಿಯಲ್ಲಿ ಮಂಜು ದಟ್ಟವಾಗಿ ಕೂತಿರುವುದೂ ಅದೇ ಹೊತ್ತಿಗೆ. ತಿರುವಿನಲ್ಲಿ ಎದುರಿಗೆ ಬರುವ ಗಾಡಿ ಅರೆಕ್ಷಣ ಮೊದಲು ಕಂಡರೂ ಅದು ದೊಡ್ಡ ಲಾಭ. ವೈಪರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದು ಅದಕ್ಕೇ.

ರಬ್ಬರ್ ಬ್ಲೇಡನ್ನು ಹಾಳುಮಾಡುವುದು ಮಳೆಗಿಂತ ಹೆಚ್ಚಾಗಿ ಬಿಸಿಲು. ಬೇಸಿಗೆಯಲ್ಲಿ ಕೆಳಗೆ ಸತ್ಯಮಂಗಲದ ಬಯಲಲ್ಲಿ ಕಾರು ನಿಲ್ಲಿಸಿದರೆ ಸಾಕು, ಬಿಸಿಲಿನ ನೇರಳಾತೀತ ಕಿರಣಕ್ಕೂ ಗಾಳಿಯ ಓಝೋನಿಗೂ ರಬ್ಬರಿನ ಅಂಚು ಗಟ್ಟಿಯಾಗಿ ಸೀಳು ಬಿಡುತ್ತದೆ. ಅದು ಗೊತ್ತಾಗುವುದು ಚಳಿಗಾಲದ ಮೊದಲ ಮಂಜಿನಲ್ಲಿ, ಗಾಜಿನ ಮೇಲೆ ಗೆರೆ ಗೆರೆಯಾಗಿ ನೀರು ಉಳಿದಾಗ. ಸಿಲಿಕಾನ್ ಇವೆರಡನ್ನೂ ಚೆನ್ನಾಗಿ ತಡೆಯುತ್ತದೆ. ನನ್ನ ಜೋಡಿಯ ಅಂಚು ಬೆರಳಿಟ್ಟು ಸವರಿದರೆ ಈಗಲೂ ಮೆತ್ತಗಿದೆ, ಚಾಲಕನ ಕಡೆ ಒಂದೂ ಗೆರೆ ಇಲ್ಲ.

ಇನ್ನು ಕೊರತೆಗಳು. ಸಿಲಿಕಾನ್ ಉಜ್ಜುತ್ತಾ ಉಜ್ಜುತ್ತಾ ಗಾಜಿನ ಮೇಲೆ ತೆಳುವಾದ ಪದರ ಬಿಡುತ್ತದೆ. ಜೋರು ಮಳೆಯಲ್ಲಿ ವೇಗವಾಗಿ ಹೋಗುವಾಗ ಇದರಿಂದ ಹನಿಗಳು ಉರುಳಿ ಹೋಗುತ್ತವೆ, ಬಹಳ ಚೆಂದ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಯುವಾಗ ಹಾಗಾಗುವುದಿಲ್ಲ. ಮಂಜಿನ ಪುಟ್ಟ ಹನಿಗಳು ಅಲ್ಲೇ ಕಚ್ಚಿಕೊಂಡು ಎದುರಿನ ಹೆಡ್‌ಲೈಟನ್ನು ಚೆದುರಿಸುತ್ತವೆ. ಹಾಗಾಗಿ ವೈಪರನ್ನು ಬಿಟ್ಟು ಬಿಟ್ಟು ಆಡುವ ಸೆಟ್ಟಿಂಗಿನಲ್ಲಿ ಇಟ್ಟುಕೊಂಡೇ ಇರಬೇಕು. ಪಕ್ಕದ ಸೀಟಿನ ಕಡೆ ಗಾಜು ಹೆಚ್ಚು ಬಾಗಿರುವಲ್ಲಿ ಬ್ಲೇಡಿನ ತುದಿ ಸರಿಯಾಗಿ ಒತ್ತುವುದಿಲ್ಲ, ನಾಲ್ಕು ಬೆರಳಗಲ ಒರೆಸದೆ ಉಳಿಯುತ್ತದೆ. ಮಾರಿದ ಅಂಗಡಿಯವರು ‘ಸ್ವಲ್ಪ ದಿನಕ್ಕೆ ಕೂತುಕೊಳ್ಳುತ್ತೆ ಸಾರ್’ ಅಂದಿದ್ದರು. ಇವತ್ತಿಗೂ ಕೂತಿಲ್ಲ.

ಬ್ಲೇಡಿಗಿಂತ ಗಾಜಿನ ಆರೈಕೆ ಮುಖ್ಯ. ಎಣ್ಣೆ, ಡೀಸೆಲ್ ಹೊಗೆಯ ಜಿಡ್ಡು ಇರುವ ಗಾಜಿನ ಮೇಲೆ ಎಂಥ ದುಬಾರಿ ಸಿಲಿಕಾನ್ ಹಾಕಿದರೂ ಅದು ಕಿರುಗುಟ್ಟುತ್ತಾ ಕುಪ್ಪಳಿಸುತ್ತದೆ. ಹಾಕುವ ಮೊದಲು ಗಾಜನ್ನು ಸೋಪು ನೀರಲ್ಲಿ ತೊಳೆದು, ಒಣಗಿಸಿ, ಗ್ಲಾಸ್ ಕ್ಲೀನರಿನಿಂದ ಒರೆಸಿ. ಹಳೆಯ ಬ್ಲೇಡ್ ಬಿಚ್ಚುವಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿಕೊಳ್ಳಿ. ಸ್ಪ್ರಿಂಗ್ ಇರುವ ಬರೀ ತೋಳು ಕೈಜಾರಿ ಬಡಿದರೆ ಗಾಜು ಸೀಳುತ್ತದೆ.

ಬೆಳಗಿನ ಇಬ್ಬನಿಯನ್ನು ನೇರವಾಗಿ ವೈಪರಿನಿಂದ ಒರೆಸುವುದನ್ನು ದಯವಿಟ್ಟು ಬಿಡಿ. ಹಿಂದಿನ ದಿನದ ಕೆಂಪು ಧೂಳು ಇಬ್ಬನಿಯಲ್ಲಿ ನೆನೆದು ಕೆಸರಾಗಿರುತ್ತದೆ. ಅದರಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಗಡಸುತನದ ಮೋಸ್ ಮಾಪನದಲ್ಲಿ ಬೆಣಚುಕಲ್ಲು 7, ಗಾಜು ಸುಮಾರು 5.5. ಅಂದರೆ ಬ್ಲೇಡಿನಡಿ ಸಿಕ್ಕ ಒಂದೊಂದು ಕಣವೂ ಗೀರು ಎಳೆಯುತ್ತದೆ. ಮೊದಲು ಎರಡು ಚೊಂಬು ತಣ್ಣೀರು ಸುರಿದು ಧೂಳು ಇಳಿಸಿ, ಆಮೇಲೆ ವೈಪರ್. ಮೋಡವಿಲ್ಲದ ರಾತ್ರಿ ಗಾಜು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುವುದರಿಂದಲೇ ಇಬ್ಬನಿ ಕೂರುವುದು. ಆದ್ದರಿಂದ ಶೀಟಿನ ಕೆಳಗೆ ನಿಲ್ಲಿಸಿದ ಕಾರಿಗೆ ಈ ಕಾಟ ಬಹಳ ಕಡಿಮೆ. ಶೀಟು ಇಲ್ಲದಿದ್ದರೆ ಗಾಜಿನ ಮೇಲೊಂದು ಹಳೆಯ ಬೆಡ್‌ಶೀಟ್ ಹೊದಿಸಿದರೂ ಆದೀತು.

ಘಾಟಿಯಲ್ಲಿ ವೈಪರಿಗೆ ಆಗದ ಕೆಲಸವೂ ಒಂದಿದೆ. ಕೆಳಗಿನಿಂದ ಹತ್ತುವಾಗ ಗಾಜು ತಣ್ಣಗಾಗುತ್ತಾ ಹೋಗುತ್ತದೆ, ಕಾರಿನೊಳಗೆ ನಾಲ್ಕು ಜನರ ಉಸಿರು, ಹಿಂದೆ ಒದ್ದೆ ಸೊಪ್ಪಿನ ಚೀಲ. ಒಳಗಡೆಯೇ ಆವಿ ಕಟ್ಟುತ್ತದೆ. ಆಗ ಎಸಿ ಹಾಕಿ, ಹೊರಗಿನ ಗಾಳಿ ಬರುವಂತೆ ತಿರುಗಿಸಿ, ಗಾಳಿಯನ್ನು ಗಾಜಿನ ಕಡೆ ಬಿಡಿ. ಎಸಿ ಗಾಳಿಯ ತೇವ ಹೀರುತ್ತದೆ. ಚಳಿಯಾದರೆ ಹೀಟರನ್ನೂ ಜೊತೆಗೆ ಹಾಕಬಹುದು. ಇಳಿಯುವಾಗ ಇದರ ತಿರುಗುಮುರುಗು: ಮೇಲಿನ ಚಳಿಯಲ್ಲಿ ತಣ್ಣಗಾದ ಗಾಜಿಗೆ ಬಣ್ಣಾರಿ ಕಡೆಯ ಬೆಚ್ಚಗಿನ ತೇವದ ಗಾಳಿ ತಾಗಿ ಹೊರಗಡೆ ಮಸುಕಾಗುತ್ತದೆ. ಆಗ ಎಸಿಯ ತಂಪು ಕಡಿಮೆ ಮಾಡಿ, ವೈಪರ್ ಎರಡು ಸಲ ಆಡಿಸಿದರೆ ಮುಗಿಯಿತು. ಹೈಬೀಮ್ ಮಾತ್ರ ಮಂಜಿನಲ್ಲಿ ಬೇಡವೇ ಬೇಡ.

ವಾಷರ್ ಟ್ಯಾಂಕಿಗೆ ಬೋರ್‌ವೆಲ್ ನೀರು ಹಾಕಿದರೆ ಗಾಜಿನ ಮೇಲೆ ಬಿಳಿ ಕಲೆ ನಿಲ್ಲುತ್ತದೆ, ನಳಿಕೆಯೂ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ನೀರಿಗೆ ವಾಷರ್ ದ್ರವ ಬೆರೆಸಿ ಹಾಕಿ. ನಮ್ಮಲ್ಲಿ ಗಾಜಿನ ಮೇಲೆ ಹಿಮ ಕಟ್ಟಿದ್ದನ್ನು ನಾನು ನೋಡಿಲ್ಲ. ಚಳಿಗಾಲದಲ್ಲಿ ಊಟಿಗೆ ಹೋಗಿ ರಾತ್ರಿ ಉಳಿಯುವವರು ವೈಪರ್ ತೋಳುಗಳನ್ನು ಎತ್ತಿ ನಿಲ್ಲಿಸಿ ಮಲಗಿ. ಬೆಳಿಗ್ಗೆ ಹಿಮ ಕಟ್ಟಿದ್ದರೆ ಬಿಸಿನೀರು ಸುರಿಯಬೇಡಿ, ಗಾಜು ಸೀಳಬಹುದು. ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ.

ಮುಂದಿನ ಸಲ ಚಾಲಕನ ಕಡೆಗೆ ಇದೇ ಸಿಲಿಕಾನ್ ಹಾಕಿಸುತ್ತೇನೆ. ಪಕ್ಕದ ಸೀಟಿನ ಕಡೆಗೆ ಚೌಕಟ್ಟು ಇರುವ ಹಳೆಯ ಮಾದರಿಯ ರಬ್ಬರ್ ಬ್ಲೇಡ್. ಬಾಗಿದ ಗಾಜಿನ ಮೇಲೆ ಅದು ಉದ್ದಕ್ಕೂ ಒತ್ತಿ ಕೂರುತ್ತದೆ.