ಹೊಸ ಆಯಿಲ್ ತುಂಬಿದ ಹಳೇ ಡೀಸೆಲ್ ಕಾರು: ದುಡ್ಡು ಕೊಡುವ ಮುನ್ನ ಇದನ್ನು ಓದಿ

ಹತ್ತು ವರ್ಷ ಓಡಿದ 1.3 ಲೀಟರ್ ಡೀಸೆಲ್ ಹ್ಯಾಚ್‌ಬ್ಯಾಕ್. ಡಿಪ್‌ಸ್ಟಿಕ್ ಎಳೆದರೆ ಜೇನುತುಪ್ಪದ ಬಣ್ಣದ ಆಯಿಲ್, ಕೂಲಂಟ್ ಡಬ್ಬಿಯಲ್ಲಿ ತಿಳಿ ಹಸಿರು ನೀರು. "ಈಗಷ್ಟೇ ಫುಲ್ ಸರ್ವೀಸ್ ಮಾಡಿಸಿದೀವಿ ಸಾರ್" ಎಂದರು ಮಾರಿದವರು. ಕೊಂಡವರು ಅದನ್ನೇ ಮೆಚ್ಚಿ ಕಾರು ತಂದರು. 600 ಕಿ.ಮೀ. ಓಡುವಷ್ಟರಲ್ಲಿ ಡಬ್ಬಿಯ ಬಾಯಲ್ಲಿ ಕಂದು ಕೆನೆ ಕಟ್ಟಿತು, ಆಯಿಲ್ ಮಟ್ಟ ಮ್ಯಾಕ್ಸ್ ಗೆರೆ ದಾಟಿತು. ಆಯಿಲ್, ಕೂಲಂಟ್ ಒಂದಕ್ಕೊಂದು ಬೆರೆತಿದ್ದವು. ಗ್ಯಾರೇಜಿನವರು ನೋಡಿದ ಕೂಡಲೇ "ಹೆಡ್ ಗ್ಯಾಸ್ಕೆಟ್" ಎಂದರು, ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್. ಹೆಡ್ ಬಿಚ್ಚಿ, ಲೇತಿಗೆ ಕಳಿಸಿ ಫೇಸಿಂಗ್ (ಮೈ ಉಜ್ಜಿ ಸಮ) ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿದ್ದಾಯಿತು. ಎರಡೇ ವಾರಕ್ಕೆ ಅದೇ ಕೆನೆ ಮತ್ತೆ. ತೂತಾಗಿದ್ದದ್ದು ಆಯಿಲ್ ಫಿಲ್ಟರ್ ಹೌಸಿಂಗಿಗೆ ಅಂಟಿಕೊಂಡಿರುವ, ಕೂಲಂಟ್ ಹರಿಸಿ ಆಯಿಲ್ ತಣಿಸುವ, ಅಂಗೈಯಷ್ಟು ಅಗಲದ ಆಯಿಲ್ ಕೂಲರ್. ಅದು ಗೊತ್ತಾಗುವ ಹೊತ್ತಿಗೆ ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್ ಸವೆದು ಎಂಜಿನ್ ಅಡಿಯಿಂದ ಬಡಿತ ಕೇಳಿಸುತ್ತಿತ್ತು.

ಇಲ್ಲಿ ಎರಡು ಕಡೆ ತಪ್ಪಿತು: ಕೊಳ್ಳುವಾಗ ಒಮ್ಮೆ, ರಿಪೇರಿಗೆ ಬಿಟ್ಟಾಗ ಒಮ್ಮೆ. ಎರಡನ್ನೂ ತಪ್ಪಿಸಿಕೊಳ್ಳಬಹುದಿತ್ತು.

ಮೊದಲು ಆ ಜೇನು ಬಣ್ಣದ ವಿಚಾರ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಮಸಿ ಹೀರಿ ಬಹಳ ಬೇಗ ಕಪ್ಪಾಗುತ್ತದೆ, ಒಂದೆರಡು ದಿನದ ಓಡಾಟ ಸಾಕು. ಹಾಗಾಗಿ ಹಳೇ ಡೀಸೆಲ್ ಕಾರಿನಲ್ಲಿ ಆರಪಾರ ಕಾಣುವ ಆಯಿಲ್ ಇದೆ ಎಂದರೆ ಅದನ್ನು ಹಾಕಿ ಕಾರು ಹೆಚ್ಚು ಓಡಿಲ್ಲ. ಆಯಿಲ್, ಕೂಲಂಟ್ ಎರಡೂ ಒಟ್ಟಿಗೆ ಹೊಸದಾಗಿದ್ದರೆ ಬಿಲ್ ಕೇಳಿ. ಬದಲಾಯಿಸಿದ್ದು ತಪ್ಪಲ್ಲ, ಆದರೆ ಆಯಿಲ್, ಕೂಲಂಟ್ ಬೆರಕೆಯನ್ನು ಮುಚ್ಚಿಡಲು ಇದಕ್ಕಿಂತ ಸುಲಭದ, ಅಗ್ಗದ ದಾರಿ ಬೇರೆ ಇಲ್ಲ. ಅಂಥ ಕಾರಿನಲ್ಲಿ ಡಿಪ್‌ಸ್ಟಿಕ್ ಏನನ್ನೂ ಹೇಳುವುದಿಲ್ಲ. ಆಯಿಲ್ ತುಂಬುವ ಮುಚ್ಚಳದ ಒಳಮೈ, ಅದರ ಕೆಳಗಿನ ರಾಕರ್ ಕವರಿನ ಮೂಲೆಗಳು, ಕೂಲಂಟ್ ಡಬ್ಬಿಯ ಕತ್ತು, ಮೇಲಿನ ರೇಡಿಯೇಟರ್ ಹೋಸಿನ ಒಳಗೋಡೆ, ಇವನ್ನು ಟಾರ್ಚ್ ಹಿಡಿದು ನೋಡಿ, ಬೆರಳಿನಿಂದ ಒರೆಸಿ. ನೀರು ಬದಲಿಸುವುದು ಸುಲಭ, ಹೋಸಿನೊಳಗೆ ಹಿಡಿದ ಜಿಡ್ಡು ತೆಗೆಯುವುದು ಸುಲಭವಲ್ಲ. ಆಯಿಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗಿರುತ್ತದೆ, ಒತ್ತಿದರೆ ಗೊತ್ತಾಗುತ್ತದೆ.

ನೋಡಲು ಹೋಗುವ ದಿನ, ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿಬಿಡಿ. ಹೋದವರೇ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಕೂಲಂಟ್ ಮುಚ್ಚಳವನ್ನು ತಣ್ಣಗಿದ್ದಾಗ ಮಾತ್ರ ತೆಗೆಯಬೇಕು, ಬಿಸಿಯಲ್ಲಿ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆಯಿಲ್‌ನಲ್ಲಿ ಕೂಲಂಟ್ ಇದೆಯೇ ಎಂದು ನಾಲಿಗೆಗೆ ತಾಗಿಸಿ ನೋಡುವವರೂ ಇದ್ದಾರೆ. ದಯವಿಟ್ಟು ಬೇಡ. ಸಿಹಿಯಾಗಿರುವ ಆ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಕೆಡಿಸುವ ವಿಷ.

ಮಾರುವವರು ಒಪ್ಪಿದರೆ ಇನ್ನೊಂದು ಪರೀಕ್ಷೆ ಮಾಡಿಸಿ, ಒಪ್ಪದಿದ್ದರೆ ಆ ಕಾರು ಬಿಡುವುದೇ ಒಳ್ಳೆಯದು. ಕಾರನ್ನು ಅರ್ಧ ಗಂಟೆ ಚೆನ್ನಾಗಿ ಓಡಿಸಿ, ರಾತ್ರಿಯಿಡೀ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಕೂಲಂಟ್ ಆಯಿಲ್‌ಗಿಂತ ಭಾರ, ಬೆಳಗಾಗುವಷ್ಟರಲ್ಲಿ ಬಿಡಿ ನೀರು ಚೇಂಬರಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ತಳಕ್ಕೆ ಇಳಿದಿರುತ್ತದೆ. ಸ್ಟಾರ್ಟ್ ಮಾಡದೆ ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ, ಮೊದಲು ಬರುವ 100 ಮಿ.ಲೀ.ಯನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಆಯಿಲ್‌ಗಿಂತ ಮೊದಲು ಬಣ್ಣದ ನೀರು ಬಂದರೆ ಇನ್ನು ಮಾತಿಲ್ಲ. ಅನುಮಾನ ಉಳಿದರೆ ಒಂದೆರಡು ಹನಿಯನ್ನು ಚೆನ್ನಾಗಿ ಕಾದ ಹಳೇ ಕಬ್ಬಿಣದ ತಟ್ಟೆಯ ಮೇಲೆ ಬಿಡಿ. ನೀರಿದ್ದರೆ ಒಗ್ಗರಣೆಗೆ ಒದ್ದೆ ಕರಿಬೇವು ಬಿದ್ದಂತೆ ಚಟಪಟ ಸಿಡಿಯುತ್ತದೆ, ಶುದ್ಧ ಆಯಿಲ್ ಸದ್ದಿಲ್ಲದೆ ಹೊಗೆಯಾಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಸುಮ್ಮನೆ ಹೆದರಲೂಬಾರದು. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಆಯಿಲ್ ಮುಚ್ಚಳದಡಿ ತೆಳು ಹಳದಿ ಕೆನೆ ಸಹಜ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ಆವಿ ಹೊರಹೋಗುವುದಿಲ್ಲ, ಅಷ್ಟೇ. ಒರೆಸಿ, ಹೈವೇಯಲ್ಲಿ 40 ಕಿ.ಮೀ. ಓಡಿಸಿ ನೋಡಿ. ಕೂಲಂಟ್ ಮಟ್ಟ ಇಳಿಯದೆ, ಆ ಕೆನೆಯೂ ಮತ್ತೆ ಬಾರದೆ ಇದ್ದರೆ ಅದು ಲೀಕ್ ಅಲ್ಲ.

ಈಗ ಗ್ಯಾರೇಜಿನ ತಪ್ಪಿಗೆ ಬರೋಣ. ನೀರು ಆಯಿಲ್‌ಗೆ ಸೇರಿದೆ ಎಂದಾಕ್ಷಣ ಹೆಡ್ ಬಿಚ್ಚಬಾರದು. ಒತ್ತಡ ಯಾವ ಕಡೆಯಿಂದ ಯಾವ ಕಡೆಗೆ ತಳ್ಳುತ್ತದೆ ಎಂದು ಮೊದಲು ಯೋಚಿಸಬೇಕು. ಎಂಜಿನ್ ಓಡುವಾಗ ಆಯಿಲ್ ಒತ್ತಡ ಸುಮಾರು 2ರಿಂದ 5 ಬಾರ್, ಕೂಲಂಟ್ ಒತ್ತಡ ಒಂದು ಬಾರ್‌ನ ಆಸುಪಾಸು. ಕೂಲರ್ ತೂತಾದರೆ ಓಡುವಾಗ ಆಯಿಲ್ ನೀರಿನೊಳಗೆ ನುಗ್ಗುತ್ತದೆ. ಆಫ್ ಮಾಡಿದ ಕೂಡಲೇ ಆಯಿಲ್ ಒತ್ತಡ ಸೊನ್ನೆ, ಆದರೆ ಬಿಸಿ ಕೂಲಂಟ್ ಇನ್ನೂ ಒತ್ತಡದಲ್ಲೇ ಇರುತ್ತದೆ. ಆಗ ಅದೇ ತೂತಿನಿಂದ ನೀರು ಆಯಿಲ್‌ಗೆ ಇಳಿಯುತ್ತದೆ. ಹೀಗೆ ಎರಡೂ ಕಡೆ ಬೆರಕೆ ಕಂಡು, ಡಬ್ಬಿಯಲ್ಲೇ ಆಯಿಲ್ ಹೆಚ್ಚಿದ್ದರೆ ಮೊದಲ ಅನುಮಾನ ಕೂಲರ್ ಮೇಲೆ ಇರಲಿ. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ, ಬಿಳಿ ಹೊಗೆ, ಒಂದು ಸಿಲಿಂಡರ್ ಮಿಸ್ ಹೊಡೆಯುವುದು, ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಇವಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು ಬಿಟ್ಟ ಹೆಡ್ಡಿನ ಕಡೆ ನೋಡಿ.

ಪ್ರೆಶರ್ ಟೆಸ್ಟ್ ಮಾಡಿಸಲೇಬೇಕು. ತಣ್ಣಗಿನ ಎಂಜಿನ್ನಿನ ಕೂಲಂಟ್ ಡಬ್ಬಿಗೆ ಕೈಪಂಪ್ ಕೂರಿಸಿ, ಅದರ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಗಟ್ಟಿಯಿದ್ದ ರೇಡಿಯೇಟರೂ ಒಡೆದೀತು. ಅರ್ಧ ಗಂಟೆಯಲ್ಲಿ ಮುಳ್ಳು ಇಳಿದು, ಹೊರಗೆಲ್ಲೂ ಹನಿ ಕಾಣದಿದ್ದರೆ ಸೋರಿಕೆ ಒಳಗಿದೆ. ಆಯಿಲ್ ಇಳಿಸಿ, ಡ್ರೈನ್ ಬೋಲ್ಟ್ ತೆಗೆದು, ಒತ್ತಡ ಹಾಗೇ ಇಟ್ಟು ರಾತ್ರಿ ಕೆಳಗೊಂದು ತಟ್ಟೆ ಇಡಿ. ಬೆಳಿಗ್ಗೆ ಅದರಲ್ಲಿ ಕೂಲಂಟ್ ಬಿದ್ದಿದ್ದರೆ ಅದು ಆಯಿಲ್ ಕಡೆಗೆ ಸೋರುತ್ತಿದೆ. ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ತೆಗೆದು ಬೋರ್‌ಸ್ಕೋಪ್ (ತೆಳು ಕ್ಯಾಮೆರಾ) ಬಿಟ್ಟು ನೋಡಿದರೆ, ನೀರು ಬೀಳುವ ಸಿಲಿಂಡರಿನ ಪಿಸ್ಟನ್ ತಲೆ ಒದ್ದೆಯಾಗಿ ಅಥವಾ ಉಳಿದವುಗಳಿಗಿಂತ ತೊಳೆದಂತೆ ಕಾಣುತ್ತದೆ.

ಡಬ್ಬಿಯ ಬಾಯಿಗೆ ನೀಲಿ ದ್ರವದ ನಳಿಕೆ ಇಟ್ಟು ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಪರೀಕ್ಷೆ, ಕಂಪ್ರೆಷನ್ ಪರೀಕ್ಷೆ, ಎರಡೂ ಉಪಯುಕ್ತ. ಆದರೆ ಇವುಗಳಲ್ಲಿ ಪಾಸಾದರೆ ಗ್ಯಾಸ್ಕೆಟ್ ಚೆನ್ನಾಗಿದೆ ಎಂದಲ್ಲ. ನೀರಿನ ದಾರಿ ಮತ್ತು ಆಯಿಲ್ ದಾರಿಯ ನಡುವೆ ಮಾತ್ರ ಗ್ಯಾಸ್ಕೆಟ್ ಬಿಟ್ಟಿದ್ದರೆ ಸಿಲಿಂಡರಿಗೆ ಸಂಬಂಧವೇ ಇಲ್ಲ, ಎರಡೂ ಪರೀಕ್ಷೆ ಪಾಸಾಗುತ್ತವೆ. ಅದಕ್ಕೇ ಕೂಲರನ್ನು ಬೇರೆಯಾಗಿ ಪರೀಕ್ಷಿಸಬೇಕು. ಬಿಚ್ಚಿ, ಆಯಿಲ್ ಕಡೆಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ರೆಗ್ಯುಲೇಟರ್ ಮೂಲಕ 3 ಬಾರ್ ಗಾಳಿ ಕೊಟ್ಟು, ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದರೆ ಕೂಲರ್ ತೂತಾಗಿದೆ. ಬಿಸಿನೀರೇ ಯಾಕೆಂದರೆ ಕೂದಲೆಳೆ ಬಿರುಕು ತಣ್ಣಗಿದ್ದಾಗ ಮುಚ್ಚಿಕೊಂಡಿರಬಹುದು. ಈ ಕೆಲಸ ಅರ್ಧ ದಿನದ್ದು, ಹೆಡ್ ಬಿಚ್ಚಿ ಕಟ್ಟುವುದು ಮೂರು ನಾಲ್ಕು ದಿನದ್ದು. ಯಾವುದು ಮೊದಲಾಗಬೇಕು ಹೇಳಿ.

ಹೆಡ್ ಬಿಚ್ಚಲೇಬೇಕಾಗಿ ಬಂದರೆ, ಕಣ್ಣಳತೆಯಲ್ಲಿ ಫೇಸಿಂಗ್‌ಗೆ ಕಳಿಸಲು ಬಿಡಬೇಡಿ. ಸ್ಟ್ರೈಟ್ ಎಡ್ಜ್, ಫೀಲರ್ ಗೇಜ್ ಇಟ್ಟು ಎಷ್ಟು ಸೊಟ್ಟಗಾಗಿದೆ ಎಂದು ಅಳೆಯಲಿ. ಎಷ್ಟೋ ಡೀಸೆಲ್ ಹೆಡ್‌ಗಳನ್ನು ಉಜ್ಜಲು ಕಂಪನಿಯ ಅನುಮತಿಯೇ ಇಲ್ಲ, ಉಜ್ಜಿದರೆ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಹಲವು ಡೀಸೆಲ್‌ಗಳಲ್ಲಿ ಗ್ಯಾಸ್ಕೆಟ್ ಎರಡು ಮೂರು ದಪ್ಪದಲ್ಲಿ ಬರುತ್ತದೆ, ಅಂಚಿನ ಕಚ್ಚು ಅಥವಾ ತೂತು ಎಣಿಸಿ ಅದೇ ದಪ್ಪದ್ದು ತರಬೇಕು. ಕೋನ ಅಳೆದು ಬಿಗಿಯುವ ಹೆಡ್ ಬೋಲ್ಟ್ ಹಿಗ್ಗಿರುತ್ತವೆ, ಹೊಸವೇ ಬೇಕು.

ಬೆರಕೆ ಕಂಡ ಮೇಲೆ "ಮನೆತನಕ ಓಡಿಸಿಬಿಡೋಣ" ಎನ್ನಬೇಡಿ, ಟೋ ಮಾಡಿಸಿ. ನೀರು ಬೆರೆತ ಆಯಿಲ್ ಬೇರಿಂಗಿನ ಪದರ ಹಿಡಿದಿಡಲಾರದು. ಗ್ಲೈಕಾಲ್ ಬಿಸಿಗೆ ಕೆಟ್ಟು ಆಮ್ಲವಾಗುತ್ತದೆ, ಆಯಿಲ್ ಅಂಟಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬೈಪಾಸ್ ವಾಲ್ವ್ ತೆರೆದು ಕೊಳೆ ಸಮೇತ ಆಯಿಲ್ ಬೇರಿಂಗಿಗೆ, ಟರ್ಬೋಗೆ ಹೋಗುತ್ತದೆ. ಮೇಲೆ ಹೇಳಿದ ಕಾರಿನಲ್ಲಿ ಆದದ್ದೂ ಇದೇ.

ಸೋರಿಕೆ ಸರಿಯಾದ ಮೇಲೆ ಅಗ್ಗದ ಆಯಿಲ್, ಹೊಸ ಫಿಲ್ಟರ್ ಹಾಕಿ, ರೇಸ್ ಮಾಡದೆ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ ಇಳಿಸಿ. ಇಳಿದ ಆಯಿಲ್‌ನಲ್ಲಿ ಹಾಲಿನ ಛಾಯೆ ಹೋಗುವ ತನಕ ಎರಡು ಮೂರು ಬಾರಿ ಹೀಗೆ ಮಾಡಬೇಕಾದೀತು. ಕೂಲಂಟ್ ದಾರಿಗೆ ಬಟ್ಟೆ ಸೋಪಿನ ಪುಡಿ ಹಾಕಿದರೆ ನೊರೆ ಎದ್ದು ಪಂಪ್ ಗಾಳಿ ಹಿಡಿಯುತ್ತದೆ, ನೊರೆ ಬಾರದ ಡಿಗ್ರೀಸರ್ ಬಳಸಿ, ಥರ್ಮೋಸ್ಟಾಟ್ ತೆಗೆದು ತೊಳೆಯಲಿ. ಉಬ್ಬಿದ ಹೋಸ್ ಬದಲಿಸಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಕೂಲಂಟ್ ತುಂಬಿಸಿ, ಬೋರ್‌ವೆಲ್ ನೀರು ಬೇಡ. 500 ಕಿ.ಮೀ. ಓಡಿದ ಮೇಲೆ ಆಯಿಲ್ ಮತ್ತೆ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ. ತಾಮ್ರದ ಬಣ್ಣದ ಹೊಳಪು ಕಂಡರೆ ಚೇಂಬರ್ ಇಳಿಸಿ ಬೇರಿಂಗ್ ನೋಡಿಸಿದ ಮೇಲೆಯೇ ಗಾಡಿ ತೆಗೆಯಿರಿ.