ಬದಿಯಡ್ಕ ಕಡೆಯ ತರವಾಡು ಮನೆ: ವೀಲ್‌ಚೇರ್ ಎಲ್ಲಿಯವರೆಗೆ ಹೋಗುತ್ತದೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಹಳೆಯ ತರವಾಡು ಮನೆಯನ್ನು, ಅಂದರೆ ಕುಟುಂಬದ ಮೂಲಮನೆಯನ್ನು, ಈಚೆಗೆ ಅತಿಥಿಗಳಿಗೆ ತೆರೆದಿದ್ದಾರೆ. ಮನೆ ನೋಡಿ, ತೋಟ ಸುತ್ತಿ, ಮಧ್ಯಾಹ್ನದ ಊಟ ಮಾಡಿ ಬರಬಹುದು. ತಲೆಗೆ 400 ರೂಪಾಯಿ. ಪರಿಚಯದವರ ಮೂಲಕ ಬರುವವರನ್ನಷ್ಟೇ ಕರೆಯುತ್ತಾರೆ, ಹಾಗಾಗಿ ಮನೆಯ ಹೆಸರು ಬರೆಯುವುದಿಲ್ಲ. ನಾನು ಕುಂಬಳೆಯವಳು, ಓಡಾಟವೆಲ್ಲ ವೀಲ್‌ಚೇರ್‌ನಲ್ಲಿ. ಜನವರಿಯಲ್ಲಿ ತಮ್ಮನೊಂದಿಗೆ ಹೋಗಿದ್ದೆ.

ಮೊದಲೇ ಫೋನ್ ಮಾಡಿ ಕೇಳಿದಾಗ ಆ ಮನೆಯ ಯಜಮಾನರು, "ಅದಕ್ಕೇನಕ್ಕ, ನಾಲ್ಕು ಜನ ಇದ್ದೇವೆ, ಎತ್ತಿ ಒಳಗೆ ತರುವ" ಎಂದರು. ಪ್ರೀತಿಯ ಮಾತೇ. ಆದರೆ ಗುರುತಿಲ್ಲದ ನಾಲ್ಕು ಗಂಡಸರು ಕುರ್ಚಿ ಸಮೇತ ಎತ್ತುವಾಗ ಹೆಂಗಸಿಗೆ ಹೇಗಾಗುತ್ತದೆ ಎಂಬುದು ಎತ್ತಿಸಿಕೊಂಡವರಿಗೇ ಗೊತ್ತು. "ಎತ್ತುವುದು ಬೇಡಣ್ಣ, ಗಟ್ಟಿ ಹಲಗೆ ಇದ್ದರೆ ಸಾಕು" ಎಂದೆ. ಹೋಗುವಷ್ಟರಲ್ಲಿ ಹಲಗೆ ಹಾಸಿಟ್ಟಿದ್ದರು. ಅಂಗಳದ ತುಂಬ ಅಡಿಕೆ ಒಣಗಲು ಹರಡಿತ್ತು. ಅದನ್ನೂ ಎರಡೂ ಬದಿಗೆ ಎಳೆದು ನನ್ನ ಗಾಲಿಗೆ ಬೇಕಾದಷ್ಟು ದಾರಿ ಬಿಡಿಸಿದ್ದರು. ಅದು ಕಂಡಾಗಲೇ ಮನಸ್ಸು ತುಂಬಿತು.

ಜಗಲಿಗೆ ಮೂರು ಮೆಟ್ಟಿಲು, ಒಂದೊಂದು 7 ಇಂಚು. ರ‍್ಯಾಂಪಿಗೆ 1 ಇಂಚು ಎತ್ತರಕ್ಕೆ 12 ಇಂಚು ಉದ್ದ ಎಂಬ ಲೆಕ್ಕ ಉಂಟಲ್ಲ, ಅದರಂತೆ 21 ಇಂಚು ಎತ್ತರಕ್ಕೆ 21 ಅಡಿ ಉದ್ದ ಬೇಕು. ಇಲ್ಲಿರುವುದು 10 ಅಡಿಯ ಹಲಗೆ. ಸ್ವಂತ ಕೈಯಿಂದ ಏರಲಾಗದು. ಹಿಂದಿನಿಂದ ಒಬ್ಬರು ತಳ್ಳಬೇಕು. ಇಳಿಯುವಾಗ ಖಂಡಿತ ಬೆನ್ನು ಮುಂದಾಗಿ ಇಳಿಯಿರಿ, ಇಲ್ಲವಾದರೆ ಮುಗ್ಗರಿಸುತ್ತೀರಿ.

ಒಳಗೆ ಹೋದ ಮೇಲೆ ಸುಖ. ಚಾವಡಿಯ ಕೆಂಪು ನೆಲ ಕನ್ನಡಿಯಂತಿದೆ, ಒಂದು ಸಲ ದೂಡಿದರೆ ಕುರ್ಚಿ ಆ ಕೊನೆಗೆ ತಲುಪುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ) ದಪ್ಪ ಗೋಡೆ, ಹಲಸಿನ ಮರದ ಕಂಬ, ಭತ್ತ ತುಂಬಿಡುತ್ತಿದ್ದ ಪತ್ತಾಯ, ಎಲ್ಲವನ್ನೂ ಮುಟ್ಟಿ ನೋಡಿದೆ. ನಡುಮನೆಯ ಹೊಸ್ತಿಲು 5 ಇಂಚು ಎತ್ತರ. ಎರಡೂ ಬದಿಗೆ ಓರೆಯಾಗಿ ಕೆತ್ತಿದ ಮರದ ತುಂಡು ಇಟ್ಟಿದ್ದರು. ರಂಗೋಲಿ ಹಾಕಿದ ಹೊಸ್ತಿಲ ಮೇಲೆ ಗಾಲಿ ಹತ್ತಿಸಲು ನಾನೇ ಹಿಂಜರಿದೆ. ಮನೆಯ ಅಜ್ಜಿ ಒದ್ದೆ ಬಟ್ಟೆ ತಂದು ಗಾಲಿ ಒರೆಸಿಕೊಟ್ಟು, "ನೀನು ಮೆಟ್ಟುವುದಿಲ್ಲವಲ್ಲ, ಬಾ ಮಗಳೇ" ಎಂದರು. ಎಷ್ಟೋ ಮನೆಗಳಲ್ಲಿ ಜಗಲಿಯಿಂದಲೇ ಮಾತಾಡಿಸಿ ಕಳಿಸಿದ್ದಾರೆ ನನ್ನನ್ನು. ಈ ಅಜ್ಜಿಯನ್ನು ಮರೆಯಲಾರೆ. ಉಪ್ಪರಿಗೆಗೆ ಮಾತ್ರ ಕಡಿದಾದ ಮರದ ಏಣಿ, ಅದನ್ನು ಬಿಟ್ಟುಬಿಡಿ.

ತೋಟದಲ್ಲಿ ಅರ್ಧ ನೋಡಬಹುದು. ಅಡಿಕೆ ಸಾಲಿನ ನಡುವೆ ನೀರು ಹರಿಯುವ ಕಣಿಗಳನ್ನು ದಾಟಲು ಒಂಟಿ ಮರದ ಸಂಕ, ಅದು ನಮಗಲ್ಲ. ಗುಡ್ಡದ ಬುಡದ ನೀರಿನ ಸುರಂಗದ ತನಕ ಜೀಪು ಹೋಗುವ ಮಣ್ಣಿನ ದಾರಿ ಇದೆ. ಬೇಸಗೆಯಲ್ಲಿ ಗಟ್ಟಿ, ಮಳೆಗಾಲದಲ್ಲಿ ಪ್ರಯತ್ನಿಸಬೇಡಿ. ಸುರಂಗದ ಬಾಯಲ್ಲೇ ಕೂತು ಬಹಳ ಹೊತ್ತು ಕಳೆದೆ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಬರಿಯ ಇಳಿಜಾರಿನಿಂದಲೇ ಟ್ಯಾಂಕಿಗೆ ಹರಿಸುತ್ತಾರೆ. ಅಗೆಯುವಾಗ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹಿಂದೆ ಬರುತ್ತಿದ್ದರಂತೆ. ಕಾಸರಗೋಡಿನವರಾಗಿಯೂ ಸುರಂಗವನ್ನು ಇಷ್ಟು ಹತ್ತಿರದಿಂದ ನೋಡದವರು ನಮ್ಮಲ್ಲಿ ಎಷ್ಟೋ ಮಂದಿ.

ಊಟ ಬಾಳೆಲೆಯಲ್ಲಿ: ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಸೌತೆಕಾಯಿ ಮೇಲಾರ, ಪಾಯಸ. ಉಳಿದವರಿಗೆ ನೆಲದ ಪಂಕ್ತಿ. ನನ್ನ ಎಲೆಯನ್ನು ಮೇಜಿನ ಮೇಲೆ ಹಾಕಿ, ಯಜಮಾನರೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಉಂಡರು.

ದೊಡ್ಡ ಕೊರತೆ ಶೌಚಾಲಯ. ಬಾಗಿಲು 24 ಇಂಚು, ನನ್ನ ಕುರ್ಚಿ 25. ಮಜ್ಜಿಗೆಯನ್ನೂ ಬೇಡವೆಂದು, ಬಾಯಾರಿಕೆ ತಡೆದುಕೊಂಡೇ ಕೂತಿದ್ದೆ. ಮನೆ ಹಳೆಯದು, ಒಪ್ಪೋಣ. ಹೊಸ್ತಿಲು ಕಡಿಯಿರಿ, ಏಣಿ ಕೀಳಿರಿ ಎಂದು ನಾನು ಹೇಳುವುದಿಲ್ಲ. ಆದರೆ ಈ ಶೌಚಾಲಯ ಅತಿಥಿಗಳಿಗೆಂದೇ ಈಚೆಗೆ ಟೈಲ್ಸ್ ಹಾಕಿ ಕಟ್ಟಿದ್ದು. 36 ಇಂಚಿನ ಬಾಗಿಲು ಇಟ್ಟಿದ್ದರೆ ಹಳೆಯದೇನೂ ಕೆಡುತ್ತಿರಲಿಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸಿಂಪಡಿಸಿದ ಸೀಮೆ ಇದು. ನಡೆಯಲಾಗದ ಮಕ್ಕಳಿರುವ ಮನೆಗಳು ಇಲ್ಲೇ ಎಣ್ಮಕಜೆ, ಪಡ್ರೆ ಕಡೆ ಎಷ್ಟಿವೆ! ಆ ಮಕ್ಕಳನ್ನು ಕರೆದುಕೊಂಡು ತಾಯಂದಿರು ಒಂದು ದಿನ ಇಂಥ ಕಡೆ ಬಂದು ಹೋಗುವಂತಿರಬೇಕು.

ಇದನ್ನು ಯಜಮಾನರಿಗೆ ನೇರವಾಗಿಯೇ ಹೇಳಿದೆ. ಬೇಸರಿಸದೆ ಟೇಪು ತಂದು ಕುರ್ಚಿಯ ಅಗಲ ಅಳೆದುಕೊಂಡರು. ಅಡಿಕೆ ಕೆಲಸ ಮುಗಿದ ಮೇಲೆ ಬಾಗಿಲು ಅಗಲ ಮಾಡಿಸುವ ಎಂದಿದ್ದಾರೆ. ಮಾಡಿಸಿದರೆ ಇಲ್ಲೇ ತಿಳಿಸುತ್ತೇನೆ. ಅಲ್ಲಿಯವರೆಗೆ ಹೋಗುವವರು ಹತ್ತು ಗಂಟೆಗೆ ತಲುಪಿ, ಊಟ ಮುಗಿಸಿ ಹೊರಡುವ ಹಾಗೆ ನೋಡಿಕೊಳ್ಳಿ. ತಳ್ಳಲು ಒಬ್ಬರು ಜೊತೆಗಿರಲಿ.