ಆ್ಯಪ್ ಕನ್ನಡಕ್ಕೆ ತರಲು ಮೂರು ದಾರಿ ನೋಡಿದೆ, ನನ್ನ ಓಟು ಅತ್ತಿಯ ದಾರಿಗೇ

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ನಮ್ಮ ಅತ್ತಿ, ಅಂದರೆ ಅತ್ತೆ. ಪುಕ್ಕಟೆ ಸಿಕ್ಕ ಯಂತ್ರಾನುವಾದ ಎರಡು ದಿನ ಬಾಳಿತು. ದುಡ್ಡು ಕೊಟ್ಟು ಮಾಡಿಸಿದ್ದು ಎರಡು ವಾರ.

ಮಾವನದು ಬೆಳಗಾವಿಯ ಖಡೇಬಜಾರಿನಲ್ಲಿ ಸೀರೆ ಅಂಗಡಿ. ಇಳಕಲ್ ಸೀರೆ ಜಾಸ್ತಿ. ಸುತ್ತಲಿನ ಊರುಗಳಿಗೆ ಪಾರ್ಸಲ್ ಹೋಗುತ್ತದೆ. ಆರ್ಡರ್, ಉದ್ರಿ ಲೆಕ್ಕ, ಪಾರ್ಸಲ್ ಹೊರಟ ಕೂಡಲೇ ಗಿರಾಕಿಗೆ ಒಂದು ಎಸ್ಸೆಮ್ಮೆಸ್, ಇಷ್ಟಕ್ಕೆ ಒಂದು ಆ್ಯಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದೆ. ಎಲ್ಲಾ ಇಂಗ್ಲಿಷಿನಲ್ಲಿ. ಅತ್ತಿ ಗಲ್ಲೆಯ ಮೇಲೆ ಕೂತಾಗ ಅದನ್ನು ಮುಟ್ಟುತ್ತಲೇ ಇರಲಿಲ್ಲ, ಹಳೇ ಕೆಂಪು ವಹಿ ತೆಗೆದು ಬರೆಯುತ್ತಿದ್ದರು. ಹಾಗಾಗಿ ಕನ್ನಡ ಮಾಡಲೇಬೇಕಾಯಿತು. ತೆರೆಯ ಮೇಲೆ ಕಾಣುವ ಸಾಲು ಒಟ್ಟು 412. ಇಂಗ್ಲಿಷ್ ಸಾಲುಗಳ ಫೈಲ್ ಪಕ್ಕ ಕನ್ನಡದ್ದೊಂದು ಫೈಲ್ ಇಟ್ಟರೆ ಮುಗೀತು ಅಂದುಕೊಂಡಿದ್ದೆ.

ಮೊದಲು ಯಂತ್ರ. ಖರ್ಚಿಲ್ಲ, ಒಂದು ಸಂಜೆಯಲ್ಲಿ 412 ಸಾಲೂ ಕನ್ನಡವಾದವು. ಖಾತೆಯ ಬಾಕಿಗೆ ‘ಸಮತೋಲನ’ ಅಂತ ಬಂತು. ಸೀರೆಯ ಅಂಚಿಗೆ ‘ಗಡಿ’. ‘ಗಡಿಯ ಬಣ್ಣ: ಕೆಂಪು’ ಅಂತ ಓದಿ ಅತ್ತಿ ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು. "ಇದ್ಯಾವ ಗಡಿಯೋ ತಮ್ಮಾ? ಕೋರ್ಟಿನ್ಯಾಗ ಐತಲ್ಲ, ಅದಾ?" ಬೆಳಗಾವಿಯಲ್ಲಿ ಕೂತು ಇಂಥ ತಪ್ಪು ಮಾಡಬಾರದು. ಇದು ನಗೆಯಲ್ಲಿ ಹೋಯಿತು. ಆದರೆ ಗಿರಾಕಿಯ ಹೆಸರು, ಊರು ಬಂದು ಕೂರಲು ಸಾಲಿನ ನಡುವೆ ಒಂದು ಗುರುತು ಇಟ್ಟಿರುತ್ತೇವೆ, ಶೇಕಡಾ ಚಿಹ್ನೆಯಿಂದ ಶುರುವಾಗುವಂಥದ್ದು. ಯಂತ್ರ ಅದರ ನಡುವೆ ಒಂದೆರಡು ಕಡೆ ಜಾಗ ಬಿಟ್ಟಿತ್ತು. ಪಾರ್ಸಲ್ ಪುಟ ತೆರೆದರೆ ಆ್ಯಪ್ ಧಡಕ್ಕನೆ ಮುಚ್ಚಿಕೊಳ್ಳುತ್ತಿತ್ತು.

ಆಮೇಲೆ ಒಂದು ಅನುವಾದ ಸಂಸ್ಥೆ. ಪದಕ್ಕೆ 2 ರೂಪಾಯಿಯಂತೆ 3,800 ರೂಪಾಯಿ. ಕಾಗುಣಿತ ಚೊಕ್ಕ, ಗುರುತುಗಳೂ ಸರಿ. ಭಾಷೆ ಮಾತ್ರ ಸರ್ಕಾರಿ ಸುತ್ತೋಲೆ. ಬಾಕಿ ಈಗ ‘ಋಣಶೇಷ’ ಆಗಿತ್ತು. ಅಂಗಡಿಯ ಫೋನ್ ನಂಬರನ್ನೂ ಕನ್ನಡ ಅಂಕಿಯಲ್ಲಿ ಬರೆದಿದ್ದರು, ಗಿರಾಕಿಗಳು ಒಂದೊಂದೇ ಅಂಕಿ ಹುಡುಕಿ ಒತ್ತಬೇಕಾಯಿತು.

ನನ್ನನ್ನು ನಿಜವಾಗಿ ಕಾಡಿದ್ದು ‘ಗೆ’ ಅನ್ನುವ ಒಂದೇ ಅಕ್ಷರ.

ಇಂಗ್ಲಿಷಿನಲ್ಲಿ ಊರಿನ ಹೆಸರಿಗೆ ಮೊದಲು ‘ಟು’ ಅನ್ನುವ ಒಂದು ಪುಟ್ಟ ಪದ ಇಟ್ಟರೆ ಮುಗೀತು, ಯಾವ ಊರಾದರೂ ನಡೆಯುತ್ತದೆ. ಸಂಸ್ಥೆಯವರು ಅದನ್ನು ನೋಡಿ ಊರಿನ ಗುರುತಿಗೆ ‘ಗೆ’ ಅಂಟಿಸಿ ಕೊಟ್ಟರು. ಬೆಳಗಾವಿಗೆ, ಸವದತ್ತಿಗೆ, ಬಾಗಲಕೋಟೆಗೆ. ಚೆನ್ನಾಗಿಯೇ ಇತ್ತು. ಮರುದಿನ ಹೋದ ಮೆಸೇಜು: ‘ನಿಮ್ಮ ಪಾರ್ಸಲ್ ವಿಜಯಪುರಗೆ ಹೊರಟಿದೆ.’ ಅದರ ಹಿಂದೆಯೇ ‘ಮುಧೋಳಗೆ’, ‘ಕಿತ್ತೂರುಗೆ’. ಶಾಲೆಯಲ್ಲಿ ಕನ್ನಡ ಕಲಿಸುವ ಗಿರಾಕಿಯೊಬ್ಬರು ಫೋನ್ ಮಾಡಿ, "ಸೀರಿ ಚಲೋ ಅದಾವ್ರೀ, ವಿಭಕ್ತಿ ಸ್ವಲ್ಪ ನೋಡ್ಕೋರಿ" ಅಂದರು.

ಸರಿ, ನಿಯಮ ಬರೆದೇ ಬಿಡೋಣ ಅಂತ ಕೂತೆ. ಕೊನೆಗೆ ‘ಅ’ ಇದ್ದರೆ ‘ಕ್ಕೆ’: ವಿಜಯಪುರಕ್ಕೆ, ಮುಧೋಳಕ್ಕೆ. ‘ಇ’, ‘ಎ’ ಇದ್ದರೆ ‘ಗೆ’. ‘ಉ’ ಇದ್ದರೆ ಅದನ್ನು ತೆಗೆದು ‘ಇಗೆ’: ಕಿತ್ತೂರಿಗೆ. ಇಳಕಲ್ ಬಂತು, ಇಳಕಲ್ಲಿಗೆ ಅಂತ ಲಕಾರ ಇಮ್ಮಡಿ. ಇಷ್ಟು ಮಾಡಿ ಅದೇ ನಿಯಮವನ್ನು ಗಿರಾಕಿಗಳ ಹೆಸರಿಗೆ ಹಚ್ಚಿದೆ. ಬಸವರಾಜ ಹೋಗಿ ‘ಬಸವರಾಜಕ್ಕೆ’ ಆದ! ಮನುಷ್ಯರಿಗೆ ಬೇರೆ ನಿಯಮ, ಅಲ್ವಾ? ಕೊನೆಗೆ ‘ಅ’ ಇದ್ದು ಗಂಡಸಾದರೆ ‘ನಿಗೆ’, ಹೆಂಗಸಾದರೆ ‘ಳಿಗೆ’, ಗೌರವ ಕೊಟ್ಟರೆ ‘ರಿಗೆ’. ಅರ್ಧ ಜನ ತಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ತುಂಬಿದ್ದರು, ಅದರ ಕೊನೆಯ ಸ್ವರ ಯಾವುದು ಅಂತ ಫೋನಿಗೆ ಹೇಗೆ ಗೊತ್ತಾಗಬೇಕು? ನಾಲ್ಕು ರಾತ್ರಿ ಹೋಯಿತು.

ಮೂರನೇ ದಾರಿ ಇಲ್ಲಿಂದ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಅತ್ತಿ, ನಾನು, ಒಂದು ಲ್ಯಾಪ್‌ಟಾಪ್. ನಾನು ಬರೀ ಪದ ಓದಲಿಲ್ಲ, ಆ ಪುಟವನ್ನೇ ತೆರೆದು ತೋರಿಸಿದೆ. ಸಂಸ್ಥೆಗೆ ನಾನು ಕಳಿಸಿದ್ದು ಬರೀ ಪದಗಳ ಪಟ್ಟಿ, ಅವರ ತಪ್ಪಿನಲ್ಲಿ ನನ್ನ ಪಾಲೂ ಇದೆ. ‘ಗೆ’ ಕಥೆ ಕೇಳಿ ಅತ್ತಿ ಪಾರ್ಸಲ್ ಮೇಲೆ ಹಚ್ಚುವ ಚೀಟಿ ತೋರಿಸಿದರು. "ಇದರಾಗ ಎಲ್ಲಿ ಐತಿ ಗೆ? ಊರು ಅಂತ ಬರದು ಮುಂದ ಹೆಸರು ಹಾಕ್ತೀವಿ." ಈಗ ಹೋಗುವ ಮೆಸೇಜು ಹೀಗಿದೆ:

ಪಾರ್ಸಲ್ ಹೊರಟಿದೆ. ಊರು: ವಿಜಯಪುರ. ಬಾಕಿ: 1,450 ರೂ.

ಹೆಸರು ಬೇಕಾದ ಕಡೆ ‘ಅವರಿಗೆ’ ಅಂತ ಬಿಡಿಸಿ ಬರೆದರೆ ಸಾಕು. ಬಸವರಾಜ ಅವರಿಗೆ, ಕಮಲಾ ಅವರಿಗೆ. ಪ್ರತ್ಯಯದ ಗೋಜು ‘ಅವರು’ ಹೊತ್ತುಕೊಳ್ಳುತ್ತದೆ.

ಇದರಿಂದ ದುಡ್ಡೂ ಉಳಿಯಿತು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ‘ಪಾರ್ಸಲ್’ ಒಳಗಿನ ‘ರ್ಸ’ ಕಣ್ಣಿಗೆ ಒಂದು, ಲೆಕ್ಕಕ್ಕೆ ಮೂರು. ಸಂಸ್ಥೆಯ ಉದ್ದನೆಯ ಸಾಲು ಎರಡು ಎಸ್ಸೆಮ್ಮೆಸ್ ಆಗುತ್ತಿತ್ತು. ಮೇಲಿನದು 50 ದಾಟುವುದಿಲ್ಲ. ಎಸ್ಸೆಮ್ಮೆಸ್ಸಿನ ಮಾದರಿ ಬದಲಿಸಿದ್ದಕ್ಕೆ ಟೆಲಿಕಾಂ ಕಂಪನಿಯಲ್ಲಿ ಮತ್ತೆ ನೋಂದಣಿ ಮಾಡಿಸಿ ಒಪ್ಪಿಗೆಗೆ ಕಾದದ್ದು ಬೇರೆ ತಲೆನೋವು.

ಅತ್ತಿಯಿಂದಲೇ ಗೊತ್ತಾದ ಇನ್ನೊಂದು: ಅಂಗಡಿಯ ಪುಟದಲ್ಲಿ ‘ಉದ್ರಿ’ ಅಂತಲೇ ಇರಬೇಕು, ಗಿರಾಕಿಗೆ ಹೋಗುವುದರಲ್ಲಿ ‘ಬಾಕಿ’. ಉದ್ರಿ ಅಂತ ಫೋನಿಗೆ ಬಂದರೆ ಮನೆಯವರ ಮುಂದೆ ಮರ್ಯಾದೆ ಹೋದ ಹಾಗೆ. ಇಂಗ್ಲಿಷಿನಲ್ಲಿ ಎರಡಕ್ಕೂ ನಾನು ಒಂದೇ ಸಾಲು ಬಳಸಿದ್ದೆ.

ಬಾಕಿ ಸಣ್ಣಪುಟ್ಟವು. ಗುಂಡಿಗಳ ಎತ್ತರ ಹೆಚ್ಚಿಸಬೇಕು, ಇಲ್ಲದಿದ್ದರೆ ಒತ್ತಕ್ಷರದ ಕಾಲು ಕತ್ತರಿಸುತ್ತದೆ. ಲಕ್ಷ ಅಂದರೆ 1,00,000, ನನ್ನ ಕೋಡಿನಲ್ಲಿ 100,000 ಉಳಿದುಬಿಟ್ಟಿತ್ತು. ಫೋನ್ ಇಂಗ್ಲಿಷಿನಲ್ಲೇ ಇಟ್ಟು ಒಂದೇ ಆ್ಯಪನ್ನು ಕನ್ನಡ ಮಾಡುವ ಸೌಲಭ್ಯ 2022ರ ಆ್ಯಂಡ್ರಾಯ್ಡ್ 13ರಿಂದ ಸೆಟ್ಟಿಂಗ್ಸ್‌ನಲ್ಲೇ ಇದೆ. ಅಂಗಡಿಯ ಹುಡುಗರ ಫೋನು ಅದಕ್ಕಿಂತ ಹಳೆಯವು, ಅವರಿಗಾಗಿ ಒಳಗೇ ಒಂದು ಬಟನ್ ಇಟ್ಟೆ.

ಅತ್ತಿಯ ದಾರಿಗೆ ಆರು ಭಾನುವಾರ ಹಿಡಿಯಿತು, ಖರ್ಚು ಚಹಾ ಮತ್ತು ಒಂದು ಕಿಲೋ ಕುಂದಾ, ನಮ್ಮೂರಿನ ಹಾಲಿನ ಸಿಹಿ. ನನ್ನದು 412 ಸಾಲಿನ ಆ್ಯಪ್, ಒಂದೇ ಅಂಗಡಿ, ಅದಕ್ಕೇ ನಡೆಯಿತು. ಸಾವಿರಾರು ಸಾಲು ಇದ್ದವರು ಯಂತ್ರದಿಂದ ಕರಡು ತೆಗೆದು ತಿದ್ದಲಿ, ಬೇಡ ಅನ್ನಲ್ಲ. ಯಾರೂ ಓದದ ಷರತ್ತಿನ ಪುಟಕ್ಕೆ ನಾನೂ ಹಾಗೇ ಮಾಡಿದ್ದೇನೆ. ಗಿರಾಕಿ ಓದುವ ಮೂವತ್ತು ನಲವತ್ತು ಸಾಲನ್ನು ಮಾತ್ರ ಗಲ್ಲೆಯ ಮೇಲೆ ಕೂರುವವರೇ ನೋಡಲಿ.

ಈಗ ಮರಾಠಿ ಶುರುವಾಗಿದೆ, ಪಕ್ಕದ ಬಳೆ ಅಂಗಡಿಯ ಕಾಕು ಒಪ್ಪಿದ್ದಾರೆ. ಊರಿನ ಮುಂದೆ ಎರಡು ಚುಕ್ಕಿ ಇಡುವ ಉಪಾಯ ಅಲ್ಲೂ ಹಾಗೇ ಹೊಂದಿತು. ಅವರು ಕೇಳಿದ್ದು ಒಂದೇ, ಅತ್ತಿಗೆಂದು ಕುಂದಾ ತಂದ ಅಂಗಡಿಯದೇ ತಮಗೂ ಇರಲಿ ಅಂತ.